ಮಾರೋಕೆ ಅವಸರವಿಲ್ಲದ ದ್ರಾಕ್ಷಿ ತೋಟ

ಫ್ರಾನ್ಸಿನ ಬೋರ್ಡೋ ಸೀಮೆಯ ಶಾತೋ ಲಾತೂರ್ ಹೆಸರುವಾಸಿ ದ್ರಾಕ್ಷಿ ಎಸ್ಟೇಟ್. ಗರಸು ಮಣ್ಣು. ಬೆಳೆ ಹೆಚ್ಚಾಗಿ ಕ್ಯಾಬರ್ನೆ ಸುವಿನ್ಯೋಂ, ಜೊತೆಗೆ ಮೆರ್ಲೋ. ಇವನ್ನು ಬೆರೆಸಿ ಮಾಡೋ ಕೆಂಪು ವೈನ್, ಒಳ್ಳೇ ವರ್ಷದ್ದಾದರೆ, ದಶಕಗಟ್ಟಲೆ ಇಟ್ಟಷ್ಟೂ ಹದವಾಗುತ್ತೆ. ಮೊದಲ ಲೇಬಲ್‌ಗೆ ಸುಮಾರು 47 ಹೆಕ್ಟೇರಿನ ಹಳೇ ತೋಟದ ಹಣ್ಣು ಮಾತ್ರ. ಎಳೇ ಬಳ್ಳಿಯದ್ದು ಕೆಳಗಿನ ಲೇಬಲ್‌ಗಳಿಗೆ.

ನನಗೆ ಹಿಡಿಸಿದ್ದು ಬೇರೆ. ವೈನ್ ಇನ್ನೂ ಪೀಪಾಯಿಯಲ್ಲಿದ್ದಾಗಲೇ ಮುಂಗಡ ಮಾರೋದು ಬೋರ್ಡೋ ವಾಡಿಕೆ. 2012ರಲ್ಲಿ ಲಾತೂರ್ ಅದನ್ನ ಕೈಬಿಟ್ಟಿತು. ಕುಡಿಯೋ ಹದಕ್ಕೆ ಬಂದ ಮೇಲೇ ಮಾರಾಟ.

ಮಾಲೀಕ ಪಿನೋ ಕುಬೇರ, ಕಾಯಬಲ್ಲ. ನಮಗೆ ಸಾಲದ ಕಂತಿದೆ, ಒಪ್ಪಿದೆ. ಆದ್ರೂ ಕೊಯ್ಲಿಗೆ ಮೊದಲೇ ಇಡೀ ತೋಟವನ್ನ ಒಂದೇ ದರಕ್ಕೆ ಮಾತಾಡಿಬಿಡಬೇಡಿ. ಒಂದು ಪಾಲನ್ನಾದರೂ ಒಣದ್ರಾಕ್ಷಿ ಮಾಡಿ, ಬಾಡಿಗೆ ಲೆಕ್ಕ ಹಾಕಿ, ಕೋಲ್ಡ್ ಸ್ಟೋರೇಜ್‌ನಲ್ಲಿಡಿ.