ಒಂದಿನ ಕುಂಕುಮ, ಉಳಿದ ದಿನ ತುಕ್ಕು

1/6
ಮೊದಲನೇ ಫೋಟೋ ನೋಡಿ. ಕಸದ ಬುಟ್ಟಿ ಅಲ್ಲ, ನಮ್ಮನೆ ಪಿಕಪ್ಪಿನ ಹಳೇ ಟೂಲ್ ಬಾಕ್ಸು. ಜಾಕಿ ಮೇಲೆ ಹಗ್ಗ, ಹಗ್ಗದ ಮೇಲೆ ಮುಚ್ಚಳ ಇಲ್ಲದ ಗ್ರೀಸ್ ಡಬ್ಬಿ, ತಳದಲ್ಲಿ ಮಳೆ ನೀರು. ನಗಬೇಡಿ. ನಿಮ್ಮನೆ ಗಾಡೀದೂ ತೆಗೆದು ನೋಡಿ, ಆಮೇಲೆ ಮಾತಾಡಿ. ಅದೇ ಗಾಡಿ ಮುಂದುಗಡೆ ಮಾತ್ರ ಎಲ್‌ಇಡಿ ಪಟ್ಟಿ, ಸ್ಟಿಕ್ಕರ್, ಪ್ರೆಷರ್ ಹಾರ್ನು, ಊರಿಗೆಲ್ಲ ಕೇಳೋ ಸ್ಪೀಕರ್ರು. ನನ್ನ ತಕರಾರು ಇರೋದು ಇಲ್ಲೇ.

2/6
ಹೋದ ವರ್ಷ ಚಿಕ್ಕಪ್ಪನ ಜೊತೆ ದೇವನೂರಿಂದ ಬಾಳೆ ಲೋಡ್ ತಗೊಂಡು ಸುಲ್ತಾನ್ ಬತ್ತೇರಿಗೆ ಹೊರಟಿದ್ದೆ. ಬಂಡೀಪುರದ ಕಾಡಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲೋಡ್ ಗಾಡಿ ಬಿಡಲ್ಲ, ನಿಮಗೇ ಗೊತ್ತು. ಗುಂಡ್ಲುಪೇಟೆ ಇನ್ನೂ ಸಿಕ್ಕಿರಲಿಲ್ಲ, ಏಳೂಕಾಲಿಗೆ ಹಿಂದಿನ ಟೈರ್ ಹೋಯ್ತು. ಸ್ಟೆಪ್ನಿ ಇತ್ತು. ಟೂಲ್ ಬಾಕ್ಸು ಬಾಡಿ ಒಳಗೆ, ಗೊನೆಗಳ ಅಡಿ. ಅರ್ಧ ಲೋಡ್ ಇಳಿಸಿ ತೆಗೆದ್ರೆ ಜಾಕಿ ಇದೆ, ವೀಲ್ ಸ್ಪ್ಯಾನರ್ ಇಲ್ಲ. ಅದು ಮನೆ ಜಗಲಿ ಮೇಲೆ. ಪಕ್ಕದ ಮನೆಯವರು ವಾಪಸ್ ಕೊಟ್ಟಾಗ ಅಲ್ಲಿಟ್ಟು ಮರೆತವನು ನಾನೇ.

ಟೈರ್ ಬದಲಿಸೋದು ಇಪ್ಪತ್ತು ನಿಮಿಷದ ಕೆಲಸ. ಇಳಿಸೋಕೆ, ಹುಡುಕೋಕೆ, ಬೇರೆಯವರನ್ನ ಬೇಡೋಕೆ ಎರಡು ಗಂಟೆ. ಗೇಟು ಮುಚ್ಚಿತು, ಮಾರನೇ ದಿನ ಮಂಡಿ ಸೇರೋ ಹೊತ್ತಿಗೆ ರೇಟೂ ಬಿದ್ದಿತ್ತು. ದುಡ್ಡು ಹೋಗ್ಲಿ ಬಿಡಿ. ಚಿಕ್ಕಪ್ಪ ಗಾಡಿ ಅಡಿ ತಲೆ ಹಾಕಿದ್ದಾಗ ಹಿಂದಿಂದ ಬರೋ ಲಾರಿಗಳಿಗೆ ನಾನು ಮೊಬೈಲ್ ಟಾರ್ಚ್ ಬೀಸ್ತಾ ನಿಂತಿದ್ದೆ. ರಿಫ್ಲೆಕ್ಟರ್ ತ್ರಿಕೋನ ಇರಲಿಲ್ಲ. ಒಂದು ಲಾರಿ ಕೊನೇ ಗಳಿಗೇಲಿ ಪಕ್ಕಕ್ಕೆ ಎಳ್ಕೊಂಡು ಹೋಯ್ತು. ಆ ಗಾಳಿ ಇನ್ನೂ ನನ್ನ ಬೆನ್ನಲ್ಲಿದೆ. ಕ್ಯಾಬಿನ್ ಮುಂದೆ ನಾನೇ ಆಸೆಪಟ್ಟು ಹಾಕಿಸಿದ್ದ ನೀಲಿ ಲೈಟು ಮಿಣುಕ್ತಾನೇ ಇತ್ತು. ಹಿಂದಿಂದ ಬರೋರಿಗೆ ಅದು ಕಾಣಲ್ಲ ಗುರು.

3/6
ನಾವು ಐಟಿಐ ಓದ್ತಿರೋರು. ಪರೀಕ್ಷೇಲಿ 5ಎಸ್ ಬರೀರಿ ಅಂದ್ರೆ ಸೈರಿ, ಸೈಟೊನ್, ಸೈಸೊ, ಸೈಕೆತ್ಸು, ಶಿತ್ಸುಕೆ ಅಂತ ಗಿಳಿ ಥರ ಬರೀತೀವಿ. ಬೇಡದ್ದು ತೆಗಿ, ಬೇಕಾದ್ದಕ್ಕೆ ಜಾಗ ಮಾಡು, ಒರೆಸಿಡು, ಎಲ್ಲರೂ ಒಂದೇ ಕ್ರಮ ಪಾಲಿಸಿ, ಅದನ್ನೇ ಅಭ್ಯಾಸ ಮಾಡ್ಕೊಳ್ಳಿ. ಇಷ್ಟೇ ಅರ್ಥ. ದೊಡ್ಡ ಫ್ಯಾಕ್ಟರಿಗೆ ಸೇರಿದ್ರೆ ಮಾಡ್ತೀವಿ, ಅಪ್ಪನ ಗಾಡಿಗೆ ಯಾಕೆ ಮಾಡಲ್ಲ? ಅಲ್ಲಿ ಸೂಪರ್‌ವೈಸರ್ ಬೈತಾನೆ, ಇಲ್ಲಿ ಅಪ್ಪ ಸುಮ್ನಿರ್ತಾರೆ. ಅದಕ್ಕೇ ತಾನೇ?

4/6
ಈಗ ಎರಡನೇ ಫೋಟೋ. ವೆಲ್ಡಿಂಗ್ ಶಾಪಲ್ಲಿ ತಗಡಿನ ಬಾಕ್ಸ್ ಮಾಡಿಸಿದ್ವಿ. ಲೋಡಿನ ಅಡಿ ಅಲ್ಲ, ಬಾಡಿ ಹೊರಗೆ, ಸೈಲೆನ್ಸರಿಂದ ದೂರ. ಚಾಸಿಗೆ ತೂತು ಹೊಡೆಯದೆ, ಬಾಡಿಯ ಅಡ್ಡಪಟ್ಟಿಗೆ ಬೋಲ್ಟ್.

ಬಾಗಿಲು ಎಡಗಡೆಗೇ ಇರಲಿ. ಗಾಡಿ ನಿಲ್ಸೋದು ಎಡಕ್ಕೆ. ಬಲಕ್ಕಿಟ್ರೆ ಸ್ಪ್ಯಾನರ್ ತೆಗೆಯೋಕೆ ಓಡಾಡೋ ಲಾರಿಗಳಿಗೆ ಬೆನ್ನು ಕೊಟ್ಟು ನಿಲ್ಬೇಕು.

ಬಾಗಿಲ ಅಂಚಿಗೆ ಹಳೇ ಟ್ಯೂಬ್ ಕತ್ತರಿಸಿ ಅಂಟಿಸಿ, ನೀರು ನುಗ್ಗಲ್ಲ. ತಳಕ್ಕೂ ಅದೇ ರಬ್ಬರ್, ಗಡಗಡ ಸದ್ದಿರಲ್ಲ. ಮೂಲೇಲಿ ಎರಡು ಸಣ್ಣ ತೂತು, ನುಗ್ಗಿದ ನೀರು ಇಳೀಲಿ. ಒಳಗೆ ಬಿಳಿ ಪೇಂಟ್, ಕತ್ತಲಲ್ಲೂ ಸಾಮಾನು ಕಾಣ್ತದೆ.

ಬಾಗಿಲ ಹತ್ರ ತ್ರಿಕೋನ, ಟಾರ್ಚ್, ಕೈಗವಸು. ಅದರ ಹಿಂದೆ ವೀಲ್ ಸ್ಪ್ಯಾನರ್, ಜಾಕಿ, ಜಾಕಿ ಅಡಿಗೆ ದಪ್ಪ ಹಲಗೆ (ಕಬ್ಬಿನ ಗದ್ದೆ ಮಣ್ಣಲ್ಲಿ ಹಲಗೆ ಇಲ್ದೆ ಜಾಕಿ ಹೂತೋಗ್ತದೆ), ಚಕ್ರಕ್ಕೆ ಕೊಡೋ ಎರಡು ಮರದ ತುಂಡು. ಪಿವಿಸಿ ಪೈಪ್ ತುಂಡುಗಳಲ್ಲಿ 10, 12, 13, 14, 17, 19ರ ಸ್ಪ್ಯಾನರ್. ಫ್ಯೂಸು, ಬಲ್ಬು, ಟೇಪು ಒಂದು ಡಬ್ಬೀಲಿ. ಗ್ರೀಸ್, ಬ್ರೇಕ್ ಆಯಿಲ್ ಬೇರೆ ಡಬ್ಬಿ. ಪ್ರತಿ ಸಾಮಾನಿನ ಜಾಗದಲ್ಲಿ ಅದರ ಆಕಾರ ಬರೆದಿದ್ದೀನಿ. ಯಾವುದು ಜಗಲಿ ಮೇಲೆ ಉಳೀತು ಅಂತ ಖಾಲಿ ಜಾಗವೇ ಹೇಳ್ತದೆ. ನೀಲಿ ಲೈಟಿಗೆ ಸುರಿದಿದ್ದಕ್ಕಿಂತ ಕಮ್ಮಿ ದುಡ್ಡಲ್ಲಿ ಮುಗೀತು.

5/6
"ಕಳ್ರು ಎತ್ಕೊಂಡು ಹೋಗ್ತಾರೆ." ಬೀಗ ಹಾಕಿ, ಕೀ ಗಾಡಿ ಕೀ ಜೊತೇಲೇ ಇರಲಿ.
"ಮೆಕ್ಯಾನಿಕ್ ಇದಾನಲ್ಲ." ರಾತ್ರಿ ಎಂಟಕ್ಕೆ ಹೊಲದ ಮಧ್ಯೆ ಎಲ್ಲಿದಾನೆ?
"ಗಾಡಿ ಅಂದ ಮಾಡೋದು ತಪ್ಪಾ?" ತಪ್ಪಲ್ಲ. ಬೋರ್ಡ್ ಬರೆಸಿ, ಹೂವಿನ ಹಾರ ಹಾಕಿ, ನನಗೂ ಇಷ್ಟ. ಆದರೆ ಕಿವಿ ಹರಿಯೋ ಹಾರ್ನು, ರಾಗ ರಾಗ ಹಾಡೋ ಹಾರ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದ ಪ್ರಕಾರ ಹಾಕೋ ಹಾಗೇ ಇಲ್ಲ. ದಂಡ ಕಟ್ಟೋಕೆ ದುಡ್ಡಿದೆ, ತ್ರಿಕೋನಕ್ಕಿಲ್ವಾ?
"ಅದು ಡ್ರೈವರ್ ಕೆಲಸ, ನಮ್ದಲ್ಲ." ನನಗೆ ಸಿಟ್ಟು ಬರೋದು ಈ ಮಾತಿಗೇ. ಆ ಡ್ರೈವರ್ ಯಾರು? ನಿಮ್ಮ ಫೀಸ್ ಕಟ್ಟಿದೋರು.

6/6
ಮಹಾನವಮಿ ದಿನ ಆಯುಧಪೂಜೆ ಮಾಡ್ತೀವಿ. ಸ್ಪ್ಯಾನರಿಗೆ ಕುಂಕುಮ, ಗಾಡಿಗೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು, ಮುಂದೆ ಬೂದುಗುಂಬಳ. ಮಾರನೇ ದಿನ ಅದೇ ಸ್ಪ್ಯಾನರ್ ಕೆಸರಲ್ಲಿ ಬಿದ್ದಿರ್ತದೆ. ಒಂದು ದಿನ ಕೈ ಮುಗಿದು ವರ್ಷಪೂರ್ತಿ ತುಕ್ಕು ಹಿಡಿಸೋದು ಯಾವ ಸೀಮೆ ಭಕ್ತಿ? ಒರೆಸಿ, ಎಣ್ಣೆ ಹಚ್ಚಿ, ಅದರ ಜಾಗದಲ್ಲಿ ಇಡೋದೇ ಪೂಜೆ.

ಈ ಭಾನುವಾರ ಅರ್ಧ ದಿನ ಸಾಕು. ಮನೆ ಗಾಡಿ ಬಾಕ್ಸ್ ಖಾಲಿ ಮಾಡಿ, ಒರೆಸಿ, ಜೋಡಿಸಿ. ಮುಂಚಿನದೊಂದು, ಆಮೇಲಿನದೊಂದು ಫೋಟೋ ಹಾಕಿ ನನ್ನ ಟ್ಯಾಗ್ ಮಾಡಿ. ಅದಕ್ಕೂ ಮುಂಚೆ ಒಂದು ಕೆಲಸ: ಜಗಲಿ ಮೇಲೆ ಏನಾದ್ರೂ ಇದೆಯಾ ನೋಡಿ.

#ದೇವನೂರು #ನಂಜನಗೂಡು #ಟೂಲ್‌ಬಾಕ್ಸ್