ಸಂವಿಧಾನವೂ ಸಾಮಾನ್ಯ ಪ್ರಜೆಯೂ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬುದು ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ಕೇಳಿಬರುವ ಗಾದೆ. ಗೇಣಗಲದ ಬದುವಿಗಾಗಿ ದಾವೆ ಹೂಡಿ, ಮನೆಮಾರುಗಳನ್ನು ಕಳೆದುಕೊಂಡವರ ಕಹಿ ಅನುಭವ ಈ ಮಾತಿನ ಹಿಂದಿದೆ. ಆದುದರಿಂದ ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಆ ಭಯವೇ ಬೆಳೆದು, ಸಂವಿಧಾನ ಪಂಡಿತರ ಗ್ರಂಥ, ಕಾನೂನು ವಕೀಲರ ಸೊತ್ತು, ಸರ್ವೋಚ್ಚ ನ್ಯಾಯಾಲಯ ದೊಡ್ಡವರ ಜಗಳ ತೀರಿಸುವ ಸ್ಥಳ, ಬಡವನಿಗೆ ಇವುಗಳ ಗೊಡವೆ ಬೇಡ ಎಂಬ ನಂಬಿಕೆಯಾಗಿ ಬೇರೂರಿದರೆ ಅದು ಅಪಾಯಕರ. ಮನೆಯ ಪತ್ರವನ್ನು ಓದಲಾರದವನು ಮನೆಯನ್ನೇ ಕಳೆದುಕೊಳ್ಳಬಹುದು. ತನ್ನ ಹಕ್ಕುಗಳನ್ನರಿಯದ ಪ್ರಜೆಯ ಸ್ವಾತಂತ್ರ್ಯವೂ ಹಾಗೆಯೇ ಕೈಬಿಟ್ಟು ಹೋಗಬಹುದು.

ಭಾರತದ ಸಂವಿಧಾನವನ್ನು ಸಂವಿಧಾನ ರಚನಾ ಸಭೆಯು 1949ರ ನವೆಂಬರ್ 26ರಂದು ಅಂಗೀಕರಿಸಿತು. 1950ರ ಜನವರಿ 26ರಂದು ಅದು ಪೂರ್ಣವಾಗಿ ಜಾರಿಗೆ ಬಂದಿತು. ಅದು ಯಾವ ಅರಸನೂ ದಯಪಾಲಿಸಿದ ಸನ್ನದಲ್ಲ. ಪ್ರಜೆಗಳು ತಮಗೆ ತಾವೇ ಕೊಟ್ಟುಕೊಂಡ ಶಾಸನ. ಇತರ ಕಾನೂನುಗಳಿಗೂ ಅದಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಸಾಮಾನ್ಯ ಕಾನೂನು ಹೆಚ್ಚಾಗಿ ಪ್ರಜೆಯು ಏನು ಮಾಡಬಾರದೆಂದು ವಿಧಿಸುತ್ತದೆ. ಸಂವಿಧಾನವಾದರೋ ಸರ್ಕಾರವು ಏನು ಮಾಡಬಾರದೆಂದೂ ವಿಧಿಸುತ್ತದೆ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು 14ನೆಯ ವಿಧಿ ಸಾರುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕುತ್ತದೆ. ಕಾನೂನಿನಂತಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಲಾಗದೆಂದು 21ನೆಯ ವಿಧಿ ಹೇಳುತ್ತದೆ.

ಆದರೆ ಹಕ್ಕನ್ನು ಬರೆದಿಟ್ಟ ಮಾತ್ರಕ್ಕೆ ಅದು ಉಳಿಯುವುದಿಲ್ಲ; ಕಾಯುವವರು ಬೇಕು. 1950ರ ಜನವರಿ 28ರಂದು ಆರು ಮಂದಿ ನ್ಯಾಯಮೂರ್ತಿಗಳೊಡನೆ ಆರಂಭವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಆ ಹೊಣೆ ಬಂದಿತು. ಮೂಲಭೂತ ಹಕ್ಕಿಗೆ ಧಕ್ಕೆ ಬಂದಾಗ ಯಾವ ಪ್ರಜೆಯಾದರೂ 32ನೆಯ ವಿಧಿಯಂತೆ ನೇರವಾಗಿ ಅದರ ಬಾಗಿಲು ತಟ್ಟಬಹುದು. ಇಡೀ ಸಂವಿಧಾನದ ಆತ್ಮ ಈ ವಿಧಿಯಲ್ಲಿಯೇ ಇದೆಯೆಂಬುದು ಡಾ. ಬಿ. ಆರ್. ಅಂಬೇಡ್ಕರ್ ಅವರ ಅಭಿಪ್ರಾಯವಾಗಿತ್ತು. ಹಾಗೆಂದು ಪ್ರತಿಯೊಂದು ವ್ಯಾಜ್ಯಕ್ಕೂ ದೆಹಲಿಗೆ ಓಡಬೇಕಾಗಿಲ್ಲ. ಬದುವಿನ ಜಗಳಕ್ಕೆ ಕೆಳಗಿನ ನ್ಯಾಯಾಲಯವಿದೆ. ಹಕ್ಕಿನ ರಕ್ಷಣೆಗೆ 226ನೆಯ ವಿಧಿಯಂತೆ ರಾಜ್ಯದ ಉಚ್ಚ ನ್ಯಾಯಾಲಯವಿದೆ. ಕರ್ನಾಟಕದಲ್ಲಿ ಬೆಂಗಳೂರಿನದಲ್ಲದೆ ಧಾರವಾಡ, ಕಲಬುರಗಿಗಳಲ್ಲಿಯೂ ಅದರ ಪೀಠಗಳಿವೆ.

ಸಂವಿಧಾನವನ್ನೇ ತಿದ್ದುವ ಅಧಿಕಾರ ಸಂಸತ್ತಿಗಿದೆ. ಆ ಅಧಿಕಾರಕ್ಕೆ ಎಲ್ಲೆಯುಂಟೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಕನ್ನಡಿಗರಿಗೆ ಪರಿಚಿತವಾದ ಕಾಸರಗೋಡಿನ ಎಡನೀರು ಮಠದ ಮೊಕದ್ದಮೆಯಿಂದ. ಕೇರಳದ ಭೂಸುಧಾರಣೆಯ ಕಾನೂನುಗಳಿಂದ ಮಠದ ಭೂಮಿಗೆ ಕುತ್ತು ಬಂದಾಗ, ಮಠಾಧಿಪತಿಗಳಾದ ಶ್ರೀ ಕೇಶವಾನಂದ ಭಾರತಿಯವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹದಿಮೂರು ನ್ಯಾಯಮೂರ್ತಿಗಳ ಪೀಠವು 68 ದಿನಗಳ ಕಾಲ ವಾದವನ್ನಾಲಿಸಿ, 1973ರ ಏಪ್ರಿಲ್ 24ರಂದು ತೀರ್ಪಿತ್ತಿತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು. ಆದರೆ ಅದರ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂಬುದು ಬಹುಮತದ ನಿರ್ಣಯ. ಮನೆಯವರು ಗೋಡೆಗೆ ಸುಣ್ಣ ಬಳಿಯಬಹುದು, ಹೊಸ ಕಿಟಕಿ ತೆರೆಯಬಹುದು. ತೊಲೆ ಹೊತ್ತ ಕಂಬವನ್ನು ಕೀಳಬಾರದು. ಸ್ವಾಮಿಗಳಿಗೆ ತಾವು ಬೇಡಿದ ಪರಿಹಾರ ದೊರೆಯಲಿಲ್ಲ. ಆದರೂ ಅವರ ಹೆಸರಿನ ಮೊಕದ್ದಮೆ ದೇಶದ ಸಂವಿಧಾನಕ್ಕೇ ರಕ್ಷೆಯಾಯಿತು. ಕೋರ್ಟಿನಲ್ಲಿ ಸೋತವರೆಲ್ಲ ಸಾಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಜನರು ಆರಿಸಿದವರ ಕೈಯನ್ನು ಜನರು ಆರಿಸದ ನ್ಯಾಯಮೂರ್ತಿಗಳು ಹಿಡಿಯುವುದು ಸರಿಯೆ ಎಂದು ಕೇಳುವವರುಂಟು. ಪ್ರಶ್ನೆ ಹಗುರವಾದುದಲ್ಲ. ಆದರೆ ಚುನಾಯಿತರು ಒಂದು ಅವಧಿಗೆ ಅಧಿಕಾರ ಪಡೆದವರು. ಸಂವಿಧಾನ ಮುಂದಿನ ಪೀಳಿಗೆಗಳಿಗೂ ಸೇರಿದುದು. ಇಂದಿನ ಬಹುಮತಕ್ಕೆ ನಾಳಿನವರ ಹಕ್ಕನ್ನು ಅಳಿಸಿಹಾಕುವ ಅಧಿಕಾರ ಸಲ್ಲದು.

ಹಾಗಾದರೆ ನ್ಯಾಯಾಲಯ ತಪ್ಪುವುದೇ ಇಲ್ಲವೆ? ತಪ್ಪಿದೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ, ಸಾವಿರಾರು ಜನರು ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. ತಮ್ಮ ಬಂಧನ ನ್ಯಾಯವೇ ಎಂದು ಕೇಳುವ ಅಧಿಕಾರವೂ ಅವರಿಗಿಲ್ಲವೆಂದು 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಹೇಳಿದರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ 1977ರಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಇನ್ನೊಬ್ಬರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಮಾಡಿದಾಗ ಅವರು ರಾಜೀನಾಮೆಯಿತ್ತರು. 1978ರ ತಿದ್ದುಪಡಿಯು 21ನೆಯ ವಿಧಿಯ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡದಂತೆ ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಳೆಯ ತೀರ್ಪನ್ನೂ ಅಲ್ಲಿಯೇ ತಳ್ಳಿಹಾಕಲಾಯಿತು. ಒಬ್ಬರ ಭಿನ್ನಮತ ಸತ್ಯವೆನಿಸಲು ನಲವತ್ತೊಂದು ವರ್ಷಗಳು ಬೇಕಾದುವು! ಬಹುಮತವಾದ ಮಾತ್ರಕ್ಕೆ ಅದು ಸತ್ಯವಾಗದು. ಒಂಟಿ ದನಿಯಾದ ಮಾತ್ರಕ್ಕೆ ಅದು ವ್ಯರ್ಥವಾಗದು.

ಶಾಲೆಯ ಬೆಂಚಿನ ಮೇಲೆ ಕುಳಿತ ಮಕ್ಕಳಿಗೂ ಈ ವಿಚಾರಗಳಿಗೂ ನಂಟಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಕೇಳಿದ ಭಾರಿ ಶುಲ್ಕವನ್ನು ತೆರಲಾರದ ವಿದ್ಯಾರ್ಥಿನಿಯೊಬ್ಬಳು ಹೂಡಿದ ಮೊಕದ್ದಮೆಯಲ್ಲಿ, ಶಿಕ್ಷಣವೂ ಒಂದು ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಹೇಳಿತು. ಮರುವರ್ಷ ಇನ್ನೊಂದು ಪೀಠವು ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳ ಹಕ್ಕೆಂದು ಸ್ಪಷ್ಟಪಡಿಸಿತು. 2002ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 21ಎ ವಿಧಿ ಸೇರಿತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕಾನೂನುಬದ್ಧವಾಯಿತು.

ಇನ್ನು ನ್ಯಾಯಾಲಯ ದೂರ, ಖರ್ಚು ಹೆಚ್ಚು, ವಿಳಂಬ ಬಹಳ ಎಂಬ ದೂರುಗಳು ನಿಜವೇ. ಆದರೆ ದಾರಿಗಳೂ ಇವೆ. ತಿಹಾರ್ ಸೆರೆಮನೆಯ ಕೈದಿಯೊಬ್ಬನು ಸಹಕೈದಿಯ ಮೇಲಾದ ಚಿತ್ರಹಿಂಸೆಯನ್ನು ಕುರಿತು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ತೀರ್ಪು ನೀಡಿತು. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಬಂಧನದಲ್ಲಿರುವವರಿಗೆ, ಬಡವರಿಗೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಸರ್ವೋಚ್ಚ ನ್ಯಾಯಾಲಯದ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದಾದರೂ, 2019ರಿಂದ ಅದರ ಆಯ್ದ ತೀರ್ಪುಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದವಾಗುತ್ತಿವೆ. ನ್ಯಾಯ ದೊರೆತರಷ್ಟೇ ಸಾಲದು. ಅದು ಏಕೆ ದೊರೆಯಿತೆಂಬುದು ನೊಂದವನಿಗೆ ಅವನ ಭಾಷೆಯಲ್ಲಿಯೇ ತಿಳಿಯಬೇಕು. ಈ ಕೆಲಸ ಇನ್ನೂ ಬೆಳೆಯಬೇಕಾಗಿದೆ.

ನ್ಯಾಯಾಲಯದ ಕೈಯಲ್ಲಿ ಸೈನ್ಯವಿಲ್ಲ, ಬೊಕ್ಕಸವಿಲ್ಲ. ಅದರ ಮಾತಿಗೆ ಬೆಲೆ ಬರುವುದು ಜನರ ಗೌರವದಿಂದ. ಆ ಗೌರವ ಕುರುಡಾಗದಿರುವುದು ಜನರ ಅರಿವಿನಿಂದ. ಕನ್ನಡದಲ್ಲಿ ದೊರೆಯುವ ಸಂವಿಧಾನದ ಪ್ರತಿಯೊಂದನ್ನು ತೆರೆದು, ದಿನಕ್ಕೊಂದು ವಿಧಿಯಂತೆ ಓದಿದರೂ, ಮತ ಹಾಕುವ ವಯಸ್ಸಿನ ಹೊತ್ತಿಗೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ಓದಿ ಮುಗಿಸಿರುತ್ತಾನೆ. ಅಂಥ ಪ್ರಜೆಯನ್ನು ಹೆದರಿಸುವುದೂ ಕಷ್ಟ, ವಂಚಿಸುವುದೂ ಕಷ್ಟ.