ಮಂಕಾದ ದೀಪವೂ ಓಮನ ನಿಯಮವೂ

ಕಾರಿನ ಮಾಪಕಫಲಕದ ದೀಪ ಮಂಕಾದೊಡನೆ ಬಲ್ಬನ್ನು ಬದಲಾಯಿಸುವುದನ್ನು ದೋಷಪರೀಕ್ಷೆಯೆಂದು ನಾವು ಒಪ್ಪಲಾರೆವು. ಬಲ್ಬನ್ನು ಕಳಚಿ, ವೋಲ್ಟ್‌ಮೀಟರು ಹಿಡಿದು, ‘12 ವೋಲ್ಟ್ ಸರಿಯಾಗಿಯೇ ಇದೆ’ ಎನ್ನುವ ವಿದ್ಯಾರ್ಥಿಯೂ ಮೋಸಹೋಗುತ್ತಾನೆ. ಪ್ರವಾಹವೇ ಇಲ್ಲದಾಗ ತುಕ್ಕುಹಿಡಿದ ಭೂಸಂಪರ್ಕದಲ್ಲಿ ವೋಲ್ಟೇಜು ಇಳಿಯುವುದಾದರೂ ಹೇಗೆ? ಓಮನು 1827ರಲ್ಲಿ ಪ್ರಕಟಿಸಿದ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ನಾವು ಇಲ್ಲಿ ಮರೆಯುತ್ತೇವೆ. ದೀಪ ಉರಿಯುತ್ತಿರುವಾಗಲೇ ಸಂಪರ್ಕದ ಎರಡು ಬದಿಗಳ ನಡುವೆ ಅಳೆಯಬೇಕು. 12 ವೋಲ್ಟಿನ 3 ವಾಟ್ ಬಲ್ಬು ಪೂರ್ಣವಾಗಿ ಉರಿಯುವಾಗ ಅದರ ರೋಧ 48 ಓಂ. ಸಂಪರ್ಕದಲ್ಲಿ 16 ಓಂ ಸೇರಿಕೊಂಡರೆ 3 ವೋಲ್ಟಿಗೂ ಹೆಚ್ಚು ಅಲ್ಲಿಯೇ ಕಳೆಯುತ್ತದೆ. ತಂತು ತಂಪಾದಷ್ಟೂ ಅದರ ರೋಧ ಕುಗ್ಗುವುದಷ್ಟೆ! ಹಳೆಯ ಕಾರುಗಳಲ್ಲಿ ಬೆಳಕನ್ನು ತಗ್ಗಿಸುತ್ತಿದ್ದುದು ರಿಯೋಸ್ಟಾಟು. ಇಂದಿನ ಅನೇಕ ಕಾರುಗಳಲ್ಲಿ ಪ್ರವಾಹವನ್ನು ಕ್ಷಿಪ್ರವಾಗಿ ಕಡಿದು ಕೂಡಿಸುವ ಎಲೆಕ್ಟ್ರಾನಿಕ್ ಮಂಡಲ. ಅಂಥಲ್ಲಿ ಸಾಮಾನ್ಯ ಮೀಟರು ತೋರುವುದು ಸರಾಸರಿಯನ್ನು ಮಾತ್ರ. ಆದುದರಿಂದ ಗುಂಡಿಯನ್ನು ಪೂರ್ಣಪ್ರಕಾಶಕ್ಕೆ ತಿರುಗಿಸಿ ಅಳೆಯುವುದು ಲೇಸು.